ಗೇರ್‌ಬಾಕ್ಸಿನ ಮುಂದೆ ಮೊಳೆತ ಹುರುಳಿ

2023ರ ಜನವರಿ ಕೊನೆಯ ವಾರ. ನಮ್ಮ ಕಡೆಯ ಲೆಕ್ಕದಲ್ಲಿ ತೈ ತಿಂಗಳು, ಪೊಂಗಲ್ ಕಳೆದು ಹದಿನೈದು ದಿನ. ಚಿನ್ನಮನೂರಿನಿಂದ ಮಾರ್ಕಯನ್‌ಕೋಟ್ಟೈಗೆ ಹೋಗುವ ರಸ್ತೆಯಲ್ಲಿ, ತೆಂಗಿನಕಾಯಿ ಮಂಡಿಯ ಪಕ್ಕದ ಗೇರ್‌ಬಾಕ್ಸ್ ಶೆಡ್ಡಿಗೆ ಆಗ ಮೆಕ್ಯಾನಿಕ್ಕೂ ನಾನೇ, ಯಜಮಾನಿಯೂ ನಾನೇ. ವಯಸ್ಸು ಅರವತ್ತೊಂದು. ಇದರ ಜೊತೆಗೆ ಇನ್ನೊಂದು ದೊಡ್ಡ ಹುದ್ದೆಗೂ ಆಗತಾನೇ ಸೇರಿದ್ದೆ. ಅಜ್ಜಿಯ ಹುದ್ದೆ. ಸೇರಿ ಅರವತ್ತೆರಡು ದಿನವಾಗಿತ್ತು. ಮೊಮ್ಮಗಳನ್ನು ಸಾಲುಸಾಲಿಗೂ ಎಳೆದು ತರಬಾರದು ಎಂದು ಗಟ್ಟಿ ಮನಸ್ಸು ಮಾಡಿಯೇ ಬರೆಯಲು ಕೂತಿದ್ದೇನೆ. ನೋಡಿ, ಮೊದಲ ಪ್ಯಾರಾದಲ್ಲೇ ಬಂದುಬಿಟ್ಟಳು.

ನಮ್ಮದು ಮನೆಮಾತು ಕನ್ನಡ. ನಮ್ಮ ಹಿರಿಯರು ಯಾವ ಕಾಲದಲ್ಲಿ ಈ ಕಣಿವೆಗೆ ಬಂದರೋ ನನಗೆ ಗೊತ್ತಿಲ್ಲ. ನಾನು ಕಲಿತದ್ದು ತಮಿಳು ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ. ಕನ್ನಡ ಅಕ್ಷರ ಕಲಿತದ್ದು ನಮ್ಮ ಶೆಡ್ಡಿಗೆ ಬರುತ್ತಿದ್ದ ಮೈಸೂರು ಲಾರಿಗಳ ಬೆನ್ನು ಓದಿ. ಆದ್ದರಿಂದ ನನ್ನ ಬರಹದಲ್ಲಿ ಅಲ್ಲಲ್ಲಿ ಹಾರ್ನ್ ಹೊಡೆದ ಹಾಗೆ ಕೇಳಿದರೆ ಮನಸ್ಸಿಗೆ ತಗೊಳ್ಳಬೇಡಿ. ನನ್ನ ಯಜಮಾನರು ಲಾರಿ ಗೇರ್‌ಬಾಕ್ಸ್ ಬಿಚ್ಚುವುದರಲ್ಲಿ ಹೆಸರು ಮಾಡಿದವರು. ಮದುವೆಯಾದ ಹೊಸದರಲ್ಲಿ ನನ್ನ ಕೆಲಸ ಹಲ್ಲುಚಕ್ರಗಳನ್ನು ಸೀಮೆಎಣ್ಣೆಯ ತಟ್ಟೆಯಲ್ಲಿ ತೊಳೆಯುವುದು. ತೊಳೆಯುತ್ತಾ ತೊಳೆಯುತ್ತಾ ಯಾವುದು ಎಲ್ಲಿ ಕೂರುತ್ತದೆ ಎಂದು ತಿಳಿಯಿತು. ಅವರ ಕಣ್ಣು ಮಂದವಾದ ಮೇಲೆ ಕೂರಿಸುವುದೂ ನನ್ನ ಕೆಲಸವಾಯಿತು. ಅವರು ಹೋದ ಮೇಲೆ ಶೆಡ್ಡೇ ನನ್ನದಾಯಿತು.

ಈಗ ಪ್ರಕರಣಕ್ಕೆ ಬರುತ್ತೇನೆ. ಪ್ರಕರಣದ ಯಜಮಾನರು ನನ್ನ ಬೀಗರು, ಅಂದರೆ ಮಗಳು ಸುಗನ್ಯಾಳ ಮಾವ, ಕೊಂಬೈನ ರಂಗಸಾಮಿ ಗೌಂಡರು. ನಮ್ಮಲ್ಲಿ ಬೀಗರನ್ನು ಸಂಬಂಧಿ ಎಂದೇ ಕರೆಯುತ್ತೇವೆ. ದ್ರಾಕ್ಷಿ ತೋಟ, ಒಂದಿಷ್ಟು ಹುರುಳಿ ಹೊಲ, ದೊಡ್ಡ ಮೀಸೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಣದಲ್ಲಿ ಎತ್ತು ಕಟ್ಟಿ ಹುರುಳಿ ತುಳಿಸುವಾಗ ಎತ್ತು ಬೆದರಿ, ಅವರ ಎಡಗಾಲು ಕಣದ ನಡುವಿನ ಮೇಟಿ ಕಂಬಕ್ಕೆ ಸಿಕ್ಕಿ ಮುರಿಯಿತು. ಅಂದಿನಿಂದ ಆ ಮೊಣಕಾಲು ಮಡಚುವುದಿಲ್ಲ. ಎಡಗಾಲಲ್ಲಿ ಕ್ಲಚ್ಚಾಗಲಿ ಗೇರಾಗಲಿ ತುಳಿಯಲಾಗದವರು ಬೈಕೂ ಇಲ್ಲ, ಕಾರೂ ಇಲ್ಲ, ಟ್ರ್ಯಾಕ್ಟರೂ ಇಲ್ಲ ಎಂದು ಅರವತ್ತು ದಾಟುವವರೆಗೆ ಬದುಕಿದರು. ಎಲ್ಲಿಗೆ ಹೋಗಬೇಕಾದರೂ ಮಗನನ್ನು ಕೇಳಬೇಕು. ಮಗ ಪ್ರಭು, ನನ್ನ ಅಳಿಯ, ಒಳ್ಳೆಯವನೇ. ಆದರೆ ಉತ್ತಮಪಾಳೆಯದಲ್ಲಿ ದ್ರಾಕ್ಷಿ ವ್ಯಾಪಾರ, ಬಿಡುವಿಲ್ಲ.

ಈ ಪ್ರಕರಣಕ್ಕೆ ನಾಲ್ಕು ವರ್ಷ ಮೊದಲು ಮೇಲಿನ ಬೆಟ್ಟದ ಏಲಕ್ಕಿ ತೋಟದವರೊಬ್ಬರು ಹನ್ನೆರಡು ವರ್ಷ ಹಳೆಯ ಎಸ್‌ಯುವಿಯೊಂದನ್ನು ಮಾರಿದರು. ಎತ್ತರದ, ಬಿಳಿಯ, ಆನೆಯಂಥ ವಾಹನ. ಅದು ಆಟೋಮ್ಯಾಟಿಕ್. ಅಂದರೆ ಕ್ಲಚ್ ಪೆಡಲ್ಲೇ ಇಲ್ಲ. ಬಲಗಾಲು ಒಂದಿದ್ದರೆ ಸಾಕು. ಸಂಬಂಧಿಗೆ ಇದು ಗೊತ್ತಾದ ದಿನ ಅವರು ಊಟ ಮಾಡಲಿಲ್ಲವಂತೆ. ಕೊಂಡು ತಂದರು, ಮೂರೇ ವಾರದಲ್ಲಿ ಕಲಿತರು. ಆಮೇಲೆ ಅವರನ್ನು ಮನೆಯಲ್ಲಿ ಕಂಡವರಿಲ್ಲ. ಕಂಬಂ ಸಂತೆಯಿಂದ ಒಂದು ಕಟ್ಟು ಕರಿಬೇವು ತರಲು ಅರ್ಧ ಕಣಿವೆ ಸುತ್ತಿಕೊಂಡು ಬರುತ್ತಿದ್ದರು.

ಅವರ ಮನೆಯಲ್ಲಿ ಒಂದು ಪದ್ಧತಿ. ಹುಟ್ಟಿದ ಮಗುವನ್ನು ತಾಯಿಯ ತವರಿನಿಂದ ಮೊದಲ ಸಲ ಕರೆದೊಯ್ಯುವಾಗ ಗಾಡಿ ಹೊಡೆಯುವವನು ಮಗುವಿನ ತಂದೆಯ ತಂದೆಯೇ ಆಗಿರಬೇಕು. ಪ್ರಭುವನ್ನು ಅವನ ತಾತ ಎತ್ತಿನ ಗಾಡಿಯಲ್ಲಿ ತಂದಿದ್ದರು. ಈಗ ಸರದಿ ಸಂಬಂಧಿಯದು. ಮಾಸಿ ತಿಂಗಳ ಎರಡನೇ ಶುಕ್ರವಾರ, ಫೆಬ್ರವರಿ ಇಪ್ಪತ್ತನಾಲ್ಕು, ದಿನ ಗೊತ್ತಾಗಿತ್ತು. ಸೀಟಿಗೆ ಹೊಸ ಹೊದಿಕೆ ಹೊಲಿಸಿ ಇಟ್ಟಿದ್ದರು.

ಅಂಥ ಹೊತ್ತಿನಲ್ಲಿ, ದಿನಕ್ಕೆ ಇಪ್ಪತ್ತೈದು ದಿನ ಬಾಕಿ ಇರುವಾಗ, ಆನೆ ನನ್ನ ಶೆಡ್ಡಿಗೆ ಬಂತು. ಕೊಂಬೈನಿಂದ ಚಿನ್ನಮನೂರಿಗೆ ಅರ್ಧ ಗಂಟೆಯ ದಾರಿ. ಎರಡು ಗಂಟೆ ಹಿಡಿದಿತ್ತು. ಹಿಂದೆ ಶೇರ್ ಆಟೋಗಳ ಮೆರವಣಿಗೆ. ಅದರ ಹಿಂದೆ ಬೈಕಿನಲ್ಲಿ ಮುಖ ಊದಿಸಿಕೊಂಡ ಪ್ರಭು.

"ಸಂಬಂಧಿಯಮ್ಮಾ, ವಂಡಿಗೆ ಸುಮ್ಮಾ ಒಂದ್ ನೆಗಡಿ," ಅಂದರು ಸಂಬಂಧಿ, ಇಳಿಯುತ್ತಲೇ.

"ನೆಗಡಿ ಇಲ್ಲ ಅತ್ತೆ, ಕೊನೇ ಉಸುರು," ಅಂದ ಪ್ರಭು. "ಡಿಗೆ ಹಾಕಿದ್ರೆ ಯೋಚ್ನೆ ಮಾಡ್ತದೆ. ಆರ್‌ಗೆ ಹಾಕಿದ್ರೆ ಮಲಗಿ ಎದ್ದು ಬರ್ತದೆ. ಹದಿನಾರು ವರ್ಷದ ವಂಡಿ. ಹಳೇ ಕಬ್ಬಿಣಕ್ಕೆ ಹಾಕೋಣ ಅಂತ ನೀವೇ ಒಂದ್ ಮಾತು ಹೇಳಿ."

ವಂಡಿ ಎಂದರೆ ನಮ್ಮ ಕಡೆ ಗಾಡಿ, ಡಿ ಎಂದರೆ ಮುಂದಕ್ಕೆ, ಆರ್ ಎಂದರೆ ಹಿಂದಕ್ಕೆ. ನಾನೇ ಹತ್ತಿ ಕೂತು ನೋಡಿದೆ. ಡಿಗೆ ಹಾಕಿ ಎಣಿಸಿದೆ. ಮೂರು ಸೆಕೆಂಡು ಸುಮ್ಮನಿದ್ದು, ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ ಧಡ್ ಎಂದು ಹೊರಟಿತು. ನನ್ನ ಮೊಮ್ಮಗಳಿಗೆ ಹಾಲು ತೋರಿಸಿದರೆ ಅರ್ಧ ಸೆಕೆಂಡೂ ಬೇಕಿರಲಿಲ್ಲ.

"ಯಾಕೆ ಕೆಟ್ಟದ್ದು ಅಂತ ನೋಡ್ಬೇಕು," ಅಂದೆ.

"ನೋಡಿ ಅತ್ತೆ. ಆದ್ರೆ ಒಂದು. ಅಪ್ಪ ಓಡ್ಸಿದ್ದ್ರಿಂದ ಕೆಟ್ಟಿದ್ರೆ, ಇನ್ನು ಅವರು ಸ್ಟೀರಿಂಗ್ ಮುಟ್ಟಬಾರ್ದು. ನಾಳೆ ನನ್ ಮಗಳ್ನ ಕೂರಿಸ್ಕೊಂಡು ದಾರೀಲಿ ಹಿಂಗೆ ಒದ್ದ್ರೆ?"

ಮಾತು ನ್ಯಾಯವಾದದ್ದು. ಸಂಬಂಧಿ ಮೀಸೆಯ ಮೇಲೆ ಕೈಯಿಟ್ಟರು.

"ದೇವಸ್ಥಾನ, ಸಂತೆ, ಡಾಕ್ಟ್ರು. ಈ ಮೂರು ಬಿಟ್ಟು ನಾನ್ ಎಲ್ಲೂ ಓಡ್ಸಿಲ್ಲ. ಸಂಬಂಧಿಯಮ್ಮ ನೋಡ್ಲಿ. ನನ್ ಕೈ ತಪ್ಪು ಅಂತ ಅವ್ರು ಹೇಳಿದ್ರೆ, ಚಾವಿ ನಾನೇ ನಿನ್ ಕೈಗೆ ಕೊಡ್ತೀನಿ. ಅವ್ರು ಹೇಳ್ಬೇಕು, ನೀನಲ್ಲ."

ಹೀಗೆ ಒಂದು ಗೇರ್‌ಬಾಕ್ಸಿನ ಜೊತೆ ಒಬ್ಬ ಮನುಷ್ಯನ ಓಡಾಟವನ್ನೂ ನನ್ನ ಬೆಂಚಿನ ಮೇಲೆ ಇಟ್ಟು ಇಬ್ಬರೂ ಹೊರಟುಹೋದರು.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಂದರೇನು ಎಂದು ನನಗೆ ತಿಳಿದ ಹಾಗೆ ಹೇಳುತ್ತೇನೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಕರೆಂಟು ಕೊಡಿ. ಅದರ ಗಾಳಿಗೆ ಇನ್ನೊಂದು ತಾನೇ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ಇಟ್ಟರೆ ಅದೇ ಟಾರ್ಕ್ ಕನ್ವರ್ಟರ್. ಎಂಜಿನ್ನಿನ ಬಲ ಎಣ್ಣೆಯ ಮೂಲಕ ದಾಟಿ ಬರುತ್ತದೆ. ಅದರ ಹಿಂದೆ ಬಳೆಯ ಗಾತ್ರ ಮೀರಿದ ತೆಳ್ಳನೆಯ ಬಿಲ್ಲೆಗಳು, ಕ್ಲಚ್ ಪ್ಲೇಟುಗಳು, ಎಣ್ಣೆಯಲ್ಲೇ ಮುಳುಗಿರುತ್ತವೆ. ಕೆಲವು ಮುಂದಕ್ಕೆ, ಕೆಲವು ಹಿಂದಕ್ಕೆ. ಅವನ್ನು ಅದುಮುವುದೂ ಎಣ್ಣೆ, ತಣಿಸುವುದೂ ಎಣ್ಣೆ. ಆ ಎಣ್ಣೆಗೆ ಎಟಿಎಫ್ ಎನ್ನುತ್ತಾರೆ. ಹೊಸತಿದ್ದಾಗ ದಾಸವಾಳದ ಕೆಂಪು. ಬಿಸಿಯಾದ ಎಣ್ಣೆ ಮುಂದುಗಡೆ ರೇಡಿಯೇಟರಿನ ಎದುರಿಗಿರುವ ಸಣ್ಣ ಜಾಲರಿಗೆ, ಅಂದರೆ ಆಯಿಲ್ ಕೂಲರಿಗೆ ಹೋಗಿ, ಗಾಳಿಗೆ ತಣ್ಣಗಾಗಿ ವಾಪಸ್ಸು ಬರಬೇಕು. ಈ ಜಾತಿಯ ಗೇರ್‌ಬಾಕ್ಸ್ ಹಾಳಾಗುವುದು ಹೆಚ್ಚಾಗಿ ಶಾಖದಿಂದ. ಎಣ್ಣೆ ಸುಟ್ಟರೆ ಪ್ಲೇಟು ಜಾರುತ್ತದೆ, ಜಾರಿದರೆ ಇನ್ನೂ ಸುಡುತ್ತದೆ.

ಅಳತೆ ಕಡ್ಡಿಯನ್ನು ಎಳೆದು ಬಿಳಿ ಬಟ್ಟೆಗೆ ಒರೆಸಿದೆ. ಕೆಂಪಿಲ್ಲ. ಕಂದೂ ಇಲ್ಲ. ಕಾಡಿಗೆ. ಮೂಗಿಗೆ ಹಿಡಿದೆ. ಬೆಲ್ಲದ ಪಾಕ ಒಲೆಯ ಮೇಲೆ ಮರೆತಾಗ ಬರುವ ವಾಸನೆ. ಒಳಗೆ ಪ್ಲೇಟು ಸುಟ್ಟಿದೆ ಎಂದು ಅಲ್ಲೇ ಗೊತ್ತಾಯಿತು. ಆದರೆ ದೇವಸ್ಥಾನಕ್ಕೆ, ಡಾಕ್ಟರ ಹತ್ತಿರಕ್ಕೆ ಹೋಗಿಬಂದರೆ ಪ್ಲೇಟು ಹೀಗೆ ಸುಡುವುದಿಲ್ಲ.

ಮಾರನೆಯ ದಿನ ಮುಂದಿನ ಗ್ರಿಲ್ ಬಿಚ್ಚಿದೆ. ಕೂಲರ್ ಕಾಣಿಸಲಿಲ್ಲ. ಅದರ ಜಾಗದಲ್ಲಿ ಒಂದು ಹಾಸಿಗೆ ಕಂಡಿತು. ಹೊಟ್ಟು, ಸಿಪ್ಪೆ, ಒಣಗಿದ ಬಳ್ಳಿಯ ಚೂರು, ಎಲ್ಲ ಸೇರಿ ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಗಾಳಿ ನುಗ್ಗಲು ಸೂಜಿಯಷ್ಟೂ ತೆರವಿಲ್ಲ. ಕೆರೆದು ಕೆರೆದು ಕೆಳಗಿನ ಮೂಲೆಗೆ ಬಂದಾಗ, ಅಲ್ಲಿ ಹಿಡಿದಿದ್ದ ಮಣ್ಣಿನಲ್ಲಿ ಒಂದು ಕಾಳು ಮೊಳೆತಿತ್ತು. ಬಾಡಿತ್ತು ನಿಜ. ಆದರೆ ಎರಡು ಎಲೆ ಬಿಟ್ಟು ನಿಂತಿತ್ತು. ದನಗಳ ಹಬ್ಬವಾದ ಮಾಟ್ಟುಪ್ಪೊಂಗಲ್ ದಿನ ಎತ್ತಿನ ಜೊತೆ ವಂಡಿಗೂ ಸ್ನಾನ ಮಾಡಿಸಿ, ಅದು ಜಾರತೊಡಗಿದ್ದರಿಂದ ಕೊಟ್ಟಿಗೆಯಲ್ಲೇ ನಿಲ್ಲಿಸಿದ್ದರಂತೆ, ಆಗ ನೀರು ಕುಡಿದು ಹುಟ್ಟಿರಬೇಕು.

ಹುರುಳಿ ಗಿಡ!

ಮೂವತ್ತೈದು ವರ್ಷದಲ್ಲಿ ಗೇರ್‌ಬಾಕ್ಸುಗಳ ಒಳಗೂ ಹೊರಗೂ ಇಲಿ, ಚಪ್ಪಲಿ ತುಂಡು, ಒಂದು ಸಲ ಯಾರದೋ ಮೂಗುತಿ ಸಿಕ್ಕಿದೆ. ಬೆಳೆ ಸಿಕ್ಕಿದ್ದು ಅದೇ ಮೊದಲು.

ಹೊಟ್ಟಿನಲ್ಲಿ ಸಿಕ್ಕ ಮೊಳೆಯದ ಇನ್ನೊಂದು ಕಾಳನ್ನು ಅಂಗೈಯಲ್ಲಿ ಹಿಡಿದು, ಶೆಡ್ಡಿನ ಹಿಂದೆಯೇ ಇರುವ ನಮ್ಮ ಮನೆಯ ಅಡುಗೆಮನೆಗೆ ಹೋದೆ. ಅಲ್ಲಿ ಡಬ್ಬಿಯಲ್ಲಿ ಸಂಬಂಧಿಯ ಮನೆಯ ಹುರುಳಿ ಇತ್ತು. ಸುಗನ್ಯಾಳ ಸೀಮಂತಕ್ಕೆ ಎರಡು ಮೂಟೆ ಹೊರಿಸಿಕೊಂಡು ಬಂದಿದ್ದರು. "ಹಳೇ ಕಾಲದಂಗೆ ಕಣದಲ್ಲಿ ತುಳಿಸಿದ್ದು, ಸಂಬಂಧಿಯಮ್ಮಾ" ಎಂದು ಮೀಸೆ ತಿರುವಿದ್ದರು. ಕಲ್ಲಿಲ್ಲ, ಒಡಕಿಲ್ಲ, ಅಂಥ ಹುರುಳಿ. ಬೀದಿಯವರಿಗೆಲ್ಲ ನಾನು ಹಂಚಿ, ಎತ್ತು ತುಳಿದ ಹುರುಳಿಯ ರಸಕ್ಕೆ ಇರುವ ರುಚಿ ಮೆಷಿನ್ನಿನದಕ್ಕೆ ಬರುತ್ತದಾ ಎಂದು ಹೊಗಳಿದ್ದೇ ಹೊಗಳಿದ್ದು. ಪಕ್ಕದ ಮನೆಯಾಕೆ ಕಣ್ಣು ಮುಚ್ಚಿ ಕುಡಿದು, ಹೌದಕ್ಕಾ, ಕೊಟ್ಟಿಗೆಯ ಘಮ ಅದೆ ಅಂದಿದ್ದಳು. ಇನ್ನೊಂದು ಮೂಟೆ ಕಳಿಸಿ ಎಂದು ನಾನೇ ಬಾಯಿಬಿಟ್ಟು ಕೇಳಿದ್ದೆ.

ಎರಡು ಕಾಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಒಂದೇ ತಾಯಿಯ ಮಕ್ಕಳು.

ಇಷ್ಟಕ್ಕೇ ತೀರ್ಮಾನ ಮಾಡಲಿಲ್ಲ. ಹುರುಳಿ ಹೊರೆ ಹೊತ್ತು ತಂದಾಗಲೂ ಹೊಟ್ಟು ಹಾರಬಹುದು. ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದೆ. ಸುಟ್ಟ ಪ್ಲೇಟುಗಳನ್ನು ಫೋಟೊ ತೆಗೆದು ಕಳಿಸಿದರೆ ದಪ್ಪ ತಿಳಿಯುವುದಿಲ್ಲ ಎಂದು ದಿಂಡಿಗಲ್ಲಿಗೆ ನಾನೇ ಬಸ್ಸಿನಲ್ಲಿ ಹೊರಟೆ. ಅಲ್ಲಿ ಆಂತೋಣಿ ಎಂಬುವರು ಆಟೋಮ್ಯಾಟಿಕ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ನನಗೋ ಅದು ಜನ್ಮದಲ್ಲಿ ನಾಲ್ಕನೆಯ ಆಟೋಮ್ಯಾಟಿಕ್. ಪ್ಲೇಟುಗಳನ್ನು ಟಿಫಿನ್ ಕ್ಯಾರಿಯರಿನಲ್ಲಿ ಇಟ್ಟಿದ್ದೆ, ಅಳತೆಗೆ ಸರಿಯಾಗಿ ಕೂತಿದ್ದವು. ಬತ್ತಲಗುಂಡು ದಾಟುವ ಹೊತ್ತಿಗೆ ಬಸ್ಸು ತುಂಬ ವಾಸನೆ. ಕಂಡಕ್ಟರು ಬಂದು ಬಗ್ಗಿ, "ಎನ್ನಕ್ಕಾ, ಕೊಳಂಬು ಅಡಿ ಪಿಡಿಚ್ಚಿರುಚ್ಚಾ?" ಎಂದು ಕೇಳಿದ. ಸಾರು ತಳ ಹಿಡಿಯಿತಾ ಎಂದು. ಹೌದಪ್ಪಾ, ಸಂಬಂಧಿ ಮನೆಯದು ಅಂದೆ. ಅಯ್ಯೋ ಪಾವಂ ಎಂದು ಮುಂದಕ್ಕೆ ಹೋದ.

ಆಂತೋಣಿ ಪ್ಲೇಟುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ನನ್ನನ್ನೂ ನೋಡಿದರು. ಅವರು ತಮಿಳಿನಲ್ಲಿ ಹೇಳಿದ್ದು ಇದು: "ಅಕ್ಕಾ, ಮುಂದಕ್ಕೆ ಹೋಗೋ ಪ್ಲೇಟು ಸುಡೋದು ಸಹಜ. ಹಿಂದಕ್ಕೆ ಹೋಗೋ ಪ್ಲೇಟೂ ಅಷ್ಟೇ ಸುಟ್ಟಿದೆ. ಒಬ್ಬ ಮನುಷ್ಯ ಇಡೀ ಆಯುಸ್ಸಿನಲ್ಲಿ ಇಷ್ಟು ರಿವರ್ಸ್ ಹೋಗೋದಿಲ್ಲ. ಇದು ಕಾರಾ, ರೋಡ್ ರೋಲರ್ರಾ?"

ಆಗ ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. ಹೊಸ ಪ್ಲೇಟುಗಳನ್ನು ಹೇಳಿಟ್ಟು, ಮಾರನೆಯ ದಿನ ಯಾರಿಗೂ ಹೇಳದೆ ಕೊಂಬೈಗೆ ಹೋದೆ.

ಪ್ರಭು ಅಂಗಡಿಗೆ ಹೋಗಿದ್ದ. ಸಂಬಂಧಿಯ ಹೆಂಡತಿ ವೀರಮ್ಮ ಬಾಗಿಲಲ್ಲೇ ಕೈ ಹಿಡಿದು, ಮಗು ನಗ್ತಾಳಾ, ಕತ್ತು ನಿಂತಿತಾ, ಯಾರ ಮೂಗು ಎಂದು ಕೇಳಿದರು. ನಗುತ್ತಾಳೆ, ನಿಂತಿದೆ, ನನ್ನ ಮೂಗು ಎಂದು ಹೇಳುವುದಕ್ಕೇ ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಒಳಗಿನ ಅಟ್ಟದ ಕಡೆ ಕಣ್ಣು ಬಿತ್ತು. ಸಾಲಾಗಿ ಪ್ಲಾಸ್ಟಿಕ್ ಪ್ಯಾಕೆಟ್ಟುಗಳು. ಒಳಗೆ ಹುರುಳಿ. ಮೇಲೆ ಅವರ ಮನೆಯ ಮುದಿ ಎತ್ತಿನ ಬಣ್ಣದ ಫೋಟೊ, ಕೊರಳಿಗೆ ಹೂವಿನ ಹಾರ.

"ನಿಮ್ಮ ಅಳಿಯನ ಕೆಲ್ಸ," ಅಂದರು ವೀರಮ್ಮ. "ಎತ್ತು ತುಳಿದ ಹುಳ್ಳಿ ಅಂತ ಕೋಯಮುತ್ತೂರು ಸಿನೇಹಿತ್ರಿಗೆಲ್ಲ ಕಳಿಸ್ತಾನೆ. ರೊಂಬ ಪೇರು, ದೊಡ್ಡ ಹೆಸ್ರು ಬಂದದೆ."

"ಎತ್ತು ತುಳೀತದಾ ಅಕ್ಕಾ?"

"ಆ ಎತ್ತಾ? ಅದು ಎದ್ದು ನಿಂತ್ಕೊಂಡ್ರೇ ನಾವು ಹಬ್ಬ ಮಾಡ್ತೀವಿ." ವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನನ್ನೇನ್ ಕೇಳ್ತೀಯ ತಾಯಿ? ಹುಳ್ಳಿ ಬಂತು, ಕೇರಿದೆ. ತೋಟದಲ್ಲವರೆ, ಹೋಗಿ ಕೇಳು."

ಸಂಬಂಧಿ ದ್ರಾಕ್ಷಿ ಚಪ್ಪರದ ಪಕ್ಕದ ಬದುವಿನ ಮೇಲೆ ಕೂತಿದ್ದರು. ಮುದಿ ಎತ್ತು ಅವರ ಪಕ್ಕದಲ್ಲಿ ಮೇಸ್ತ್ರಿಯ ಹಾಗೆ ಮಲಗಿತ್ತು. ಅವರೆದುರಿಗೆ ಸಗಣಿ ಸಾರಿಸಿದ ಒಂದು ಜಾಗ. ಅಗಲ ಒಂದು ವಾಹನದಷ್ಟು, ಉದ್ದ ಮೂವತ್ತು ನಲವತ್ತು ಅಡಿ. ಟೈರಿನ ಎರಡು ಗೆರೆ ಹೊಳೆಯುತ್ತಿತ್ತು.

"ಇದೇನ್ ಸಂಬಂಧಿ?"

"ಕಣ."

"ಕಣ ದುಂಡಗಿರ್ಬೇಕಲ್ಲ? ಇದು ರೈಲು ಹಳಿ ಇದ್ದಂಗದೆ."

ಅವರಿಗೆ ಅರ್ಥವಾಯಿತು. ಮೀಸೆ ಇಳಿಯಿತು. "ಚಪ್ಪರದ ಕಲ್ಲುಕಂಬ ಅಡ್ಡ. ವಂಡಿ ತಿರುಗಕ್ಕೆ ತಾವಿಲ್ಲ. ಅದಕ್ಕೇ ಮುಂದಕ್ಕೆ ಹಿಂದಕ್ಕೆ."

"ಮುಂದಕ್ಕೆ ಹೋಗ್ತಾ ಇರುವಾಗ್ಲೇ ಹಿಂದಕ್ಕೆ ಹಾಕಿದ್ರಾ? ಬ್ರೇಕ್ ಹಿಡ್ದು ನಿಲ್ಸಿ ಹಾಕ್ಲಿಲ್ವಾ?"

"ಎತ್ತಿಗೆ ಬ್ರೇಕ್ ಇತ್ತಾ ಸಂಬಂಧಿಯಮ್ಮಾ? 'ಹೋ' ಅಂದ್ರೆ ತಿರುಗ್ತಿತ್ತು. ಇದಕ್ಕೂ 'ಹೋ' ಅಂದೆ. ತಿರುಗ್ತು."

"ಎಷ್ಟ್ ಸಲ?"

"ಒಂದ್ ಹೊರೆಗೆ ಅರುವತ್ತು ಸಲ ಇರ್ಬೌದು. ಹೊರೆ ಎಣ್ಸಿಲ್ಲ. ಮೂರು ಸುಗ್ಗಿ ಆಯ್ತು."

ನಾನು ಬದುವಿನ ಮೇಲೆ ಕೂತುಬಿಟ್ಟೆ. ಮುಂದಕ್ಕೆ ಹೋಗುತ್ತಿರುವ ಎರಡು ಟನ್ನಿನ ವಾಹನವನ್ನು ಪ್ಲೇಟು ಹಿಡಿದು ನಿಲ್ಲಿಸಿ ಹಿಂದಕ್ಕೆ ಎಳೆಯಬೇಕು. ಬ್ರೇಕಿನ ಕೆಲಸವನ್ನೂ ಆ ಬಡ ಬಿಲ್ಲೆಗಳೇ ಮಾಡಿವೆ, ಸಾವಿರಾರು ಸಲ, ಮೈ ತಣಿಸುವ ಗಾಳಿಯೂ ತಾಗದ ಹಾಗೆ ಹುರುಳಿ ಹೊಟ್ಟಿನ ಕಂಬಳಿ ಹೊದ್ದುಕೊಂಡು. ಅದು ಮೂರು ಸುಗ್ಗಿ ತಡೆದದ್ದೇ ದೊಡ್ಡದು.

"ಟ್ರ್ಯಾಕ್ಟರ್ ಕರೆಸಿದ್ರೆ ಆಗ್ತಿರ್ಲಿಲ್ವಾ?" ಅಂದೆ.

ಸಂಬಂಧಿ ಎತ್ತಿನ ಬೆನ್ನು ಸವರಿದರು. "ಕಾಲು ಮುರ್ದ ಮ್ಯಾಲೆ ನಲವತ್ತು ವರ್ಷ ಇಲ್ಲೇ ಕೂತೆ. ಎಲ್ರೂ ಕಣ ತುಳಿಸ್ತಾರೆ. ನನಗೆ ಕೊಟ್ಟ ಕೆಲ್ಸ ನೀರಿನ ಚೆಂಬು ಕಾಯೋದು. ಈ ವಂಡಿ ಬಂದ ಮ್ಯಾಲೆ ಕಣ ನಂದಾಯ್ತು. ನಿಮ್ಮನೆಗೆ ತಂದ ಎರಡು ಮೂಟೆ ಐತಲ್ಲ, ಅದು ಪೂರಾ ನಾನೇ ತುಳಿಸಿದ್ದು. ಕೂಲಿಯವ್ರ ಕೈ ಇಲ್ಲ, ಮಗನ ಕೈ ಇಲ್ಲ."

ಹುರುಳಿ ಚೆನ್ನಾಗಿತ್ತು ಅಂದೆ.

"ಮೂರನೇ ಮೂಟೆ ಕೇಳಿದ್ರಿ. ಅದ್ರಲ್ಲೇ ವಂಡಿ ಮಲಗ್ತು," ಅಂದರು.

ಬಸ್ಸಿನಲ್ಲಿ ಬರುವಾಗ ಆ ಮಾತು ಮುಳ್ಳಿನ ಹಾಗೆ ಕೂತಿತ್ತು. ನನ್ನ ಶೆಡ್ಡಿನಲ್ಲಿ ಒಂದು ನಿಯಮ ಇದೆ. ಯಜಮಾನರು ಇದ್ದಾಗಿನಿಂದ ಬಂದದ್ದು. ಹಳೆಯ ಭಾಗವನ್ನು ಗಿರಾಕಿಯ ಕೈಗೆ ಕೊಟ್ಟು, ಯಾಕೆ ಹೋಯಿತು ಎಂದು ಮುಚ್ಚಿಡದೆ ಹೇಳಬೇಕು. ಹೇಳಿದರೆ ಸಂಬಂಧಿಯ ಚಾವಿ ಹೋಗುತ್ತದೆ. ಹೇಳದಿದ್ದರೆ ಮುಂದಿನ ಸುಗ್ಗಿಗೆ ಮತ್ತೆ 'ಹೋ'. ಅಷ್ಟರೊಳಗೆ ನನ್ನ ಮೊಮ್ಮಗಳು ಆ ವಂಡಿಯಲ್ಲಿ ಕೂತಿರುತ್ತಾಳೆ.

ಹೊಸ ಪ್ಲೇಟುಗಳು ಹತ್ತು ದಿನಕ್ಕೆ ಬಂದವು. ಕೆಲಸ ಶುರುವಾಯಿತು. ಗೇರ್‌ಬಾಕ್ಸಿನ ಹೊಟ್ಟೆಯಲ್ಲಿ ವಾಲ್ವ್ ಬಾಡಿ ಎಂಬ ತಟ್ಟೆ ಇರುತ್ತದೆ. ಇರುವೆ ಗೂಡಿನ ಹಾಗೆ ದಾರಿಯೋ ದಾರಿ. ಎಣ್ಣೆ ಯಾವಾಗ ಯಾವ ಪ್ಲೇಟಿಗೆ ಹೋಗಬೇಕು ಎಂದು ಅದು ತೀರ್ಮಾನಿಸುತ್ತದೆ. ಒಳಗೆ ಸಾಸಿವೆಗಿಂತ ದಪ್ಪ, ಕಡಲೆಗಿಂತ ಸಣ್ಣ ಉಕ್ಕಿನ ಗುಂಡುಗಳು, ಸ್ಪ್ರಿಂಗುಗಳು. ಎಲ್ಲವನ್ನೂ ಮೊರದಲ್ಲಿ ಬಟ್ಟೆ ಹಾಸಿ ಸಾಲಾಗಿ ಇಟ್ಟೆ. ದಿಂಡಿಗಲ್ಲಿನಿಂದ ಆಂತೋಣಿ ವಿಡಿಯೊ ಕಾಲಿನಲ್ಲಿ ನೋಡುತ್ತಿದ್ದರು. ಪಕ್ಕದಲ್ಲಿ ಸೀರೆಯ ಜೋಲಿಯಲ್ಲಿ ಮೊಮ್ಮಗಳು ಇದ್ದಳು. ಅವಳು ಆಕಳಿಸಿದಳು. ನಾನು ಫೋನನ್ನು ಆ ಕಡೆ ತಿರುಗಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಆಂತೋಣಿಯ ಧ್ವನಿ ಬಂತು: "ಅಕ್ಕಾ, ಇದು ವಾಲ್ವ್ ಬಾಡಿ ಇಲ್ಲೈ." ಗೊತ್ತು, ಇದರಲ್ಲಿ ಸೋರಿಕೆ ಜಾಸ್ತಿ ಅಂದೆ.

ಪ್ಲೇಟು ಬದಲಾಯಿತು, ಫಿಲ್ಟರ್ ಬದಲಾಯಿತು. ಕೂಲರನ್ನು ಹೊರಗೂ ಒಳಗೂ ತೊಳೆದೆ, ಅದು ಬಿಟ್ಟು ಬೇರೆಲ್ಲ ಮಾಡಿದರೆ ಹಳೆಯ ಕಸವೇ ಹೊಸ ಪ್ಲೇಟನ್ನು ತಿನ್ನುತ್ತದೆ. ವಾಹನದ ಪುಸ್ತಕದಲ್ಲಿ ಯಾವ ಎಣ್ಣೆ ಬರೆದಿದೆಯೋ ಅದೇ ಎಣ್ಣೆ ತುಂಬಿದೆ. ಆ ಪುಸ್ತಕ ಹುಡುಕುವಾಗ ಸರ್ವಿಸ್ ಚೀಟಿಗಳೂ ಸಿಕ್ಕಿದವು. ನಾಲ್ಕು ವರ್ಷ, ನಾಲ್ಕು ಚೀಟಿ. ಎಲ್ಲದರಲ್ಲೂ ಪ್ರಭುವಿನ ಸಹಿ. ವಾಟರ್ ವಾಶ್, ಎಂಜಿನ್ ಆಯಿಲ್. ಗೇರ್‌ಬಾಕ್ಸಿನ ಎಣ್ಣೆ ಒಂದು ಸಲವೂ ಇಲ್ಲ. ನಾನು ಆ ಚೀಟಿಗಳನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದೆ.

ಫೆಬ್ರವರಿ ಇಪ್ಪತ್ತೆರಡು, ಬುಧವಾರ. ಎಲ್ಲರೂ ಶೆಡ್ಡಿಗೆ ಬಂದರು. ಸುಗನ್ಯಾ ಮಗುವನ್ನು ಎತ್ತಿಕೊಂಡು ಬಂದು ನಿಂತಳು. ಮೊರವನ್ನು ಬೆಂಚಿನ ಮೇಲೆ ಇಟ್ಟೆ. ಅದರಲ್ಲಿ ಸುಟ್ಟ ಪ್ಲೇಟುಗಳು, ಗಾಜಿನ ಲೋಟದಲ್ಲಿ ಕರಿ ಎಣ್ಣೆ, ಒಂದು ಹಿಡಿ ಹೊಟ್ಟು, ಒಣಗಿದ ಹುರುಳಿ ಮೊಳಕೆ.

"ಇದೇನ್ ಅತ್ತೆ, ಸೊಪ್ಪು?" ಅಂದ ಪ್ರಭು.

ನಾನು ಬಾಯಿ ತೆಗೆಯುವುದರೊಳಗೆ ಸಂಬಂಧಿ ಎಡಗಾಲು ಎಳೆದುಕೊಂಡು ಮುಂದೆ ಬಂದರು. ಜೇಬಿನಿಂದ ಚಾವಿ ತೆಗೆದು ಮಗನ ಅಂಗೈಯಲ್ಲಿ ಇಟ್ಟರು.

"ಹುಳ್ಳಿ ತುಳಿಸಿದೆ. ಎತ್ತಲ್ಲ, ವಂಡೀಲಿ. ನನ್ ಕೈ ತಪ್ಪು," ಅಂದರು. "ಶುಕ್ರವಾರ ನೀನೇ ಓಡ್ಸು."

ಪ್ರಭು ಚಾವಿಯನ್ನೇ ನೋಡುತ್ತಿದ್ದ. ಗೆದ್ದವನ ಮುಖ ಅಲ್ಲ ಅದು.

"ತಡೆ ಮಾಪ್ಳೆ," ಅಂದೆ ಅಳಿಯನಿಗೆ. "ನಾನಿನ್ನೂ ಹೇಳೇ ಇಲ್ಲ. ಒಪ್ಪಂದ ಏನು? ನಾನ್ ಹೇಳ್ಬೇಕು ಅಂತ. ಈ ಎಣ್ಣೆ ನೋಡು. ಇದ್ನ ಯಾವಾಗ ಬದ್ಲಾಯಿಸ್ದೆ?"

"ಸರ್ವಿಸ್‌ನೋರು ಅದು ಆಯುಸ್ಸಿಗೆಲ್ಲ ಒಂದೇ ಎಣ್ಣೆ ಅಂದ್ರು ಅತ್ತೆ."

"ಯಾರ ಆಯುಸ್ಸು? ಹದಿನಾರು ವರ್ಷ ಒಂದೇ ಎಣ್ಣೇಲಿ ವಡೆ ಸುಟ್ಟರೆ ನೀನು ತಿಂತೀಯಾ?" ಚೀಟಿಗಳನ್ನು ತೆಗೆದು ಮೊರಕ್ಕೆ ಹಾಕಿದೆ. "ನಾಲ್ಕು ಸಹಿ. ಎಲ್ಲಾ ನಿಂದೇ. ಇನ್ನು ಈ ಹುಳ್ಳಿ. ತುಳಿಸಿದ್ದು ನಿಮ್ಮಪ್ಪ, ಸತ್ಯ. ಕೇರಿದ್ದು ನಿಮ್ಮಮ್ಮ. ಇನ್ನೊಂದ್ ಮೂಟೆ ಬೇಕು ಅಂತ ನಾಲಿಗೆ ಚಾಚಿದ್ದು ನಾನು. ಪ್ಯಾಕೆಟ್ ಮಾಡಿ ಕೋಯಮುತ್ತೂರಿಗೆ ಕಳಿಸಿದ್ದು ಯಾರು?"

ಪ್ರಭುವಿನ ಕಿವಿ ಹೊಸ ಎಟಿಎಫ್ ಬಣ್ಣಕ್ಕೆ ತಿರುಗಿತು. "ಅತ್ತೆ," ಅಂದ ಮೆಲ್ಲಗೆ, "ಪ್ಯಾಕೆಟ್ ಮ್ಯಾಲೆ ನಾನು ಎತ್ತಿನ ಪಟ ಹಾಕ್ಸಿದೀನಿ."

ಮೊದಲು ನಕ್ಕದ್ದು ವೀರಮ್ಮ. ಆಮೇಲೆ ಸುಗನ್ಯಾ. ನಗುವಿಗೆ ಮಗು ಎದ್ದು, ಅಳಬೇಕೋ ಬೇಡವೋ ಎಂದು ಎಲ್ಲರ ಮುಖ ನೋಡಿ, ಕೊನೆಗೆ ತಾನೂ ಬೊಚ್ಚುಬಾಯಿ ತೆಗೆಯಿತು. ಅದು ಶೆಡ್ಡಿನಲ್ಲಿ ಅವಳ ಮೊದಲ ಗಟ್ಟಿ ನಗು. ಬರೆದಿಟ್ಟುಕೊಂಡಿದ್ದೇನೆ.

ಪ್ರಭು ಚಾವಿಯನ್ನು ಅಪ್ಪನ ಜೇಬಿಗೆ ವಾಪಸ್ಸು ಹಾಕಿದ. "ಕಣಕ್ಕೆ ಮಾತ್ರ ಬೇಡ ಅಪ್ಪಾ," ಅಂದ. ಸಂಬಂಧಿ ಜೇಬನ್ನು ಮೇಲಿನಿಂದ ಒತ್ತಿ ನೋಡಿಕೊಂಡರು.

ಆದರೆ ನಾನು ಸುಮ್ಮನೆ ಬಿಡಲಿಲ್ಲ. ಎರಡು ದಿನ ಶೆಡ್ಡಿನ ಮುಂದೆ ಪಾಠ ಮಾಡಿದೆ. ಬ್ರೇಕ್ ತುಳಿಯಿರಿ. ಪೂರ್ತಿ ನಿಲ್ಲಲಿ. ಬಾಯಿಬಿಟ್ಟು ಒಂದು, ಎರಡು, ಮೂರು ಎಣಿಸಿ. ಆಮೇಲೆ ಡಿಯಿಂದ ಆರ್, ಆರ್‌ನಿಂದ ಡಿ. ಹೊಲದಿಂದ ಬಂದರೆ ಮುಂದಿನ ಜಾಲರಿಗೆ ನೀರು ಹಿಡಿಯಿರಿ, ಎತ್ತಿಗೆ ಮೈ ತೊಳೆಸಿದ ಹಾಗೆ. ಕಡ್ಡಿ ಎಳೆದು ನೋಡಿ. ಎಣ್ಣೆ ದಾಸವಾಳ ಬಿಟ್ಟು ಕಾಫಿಯಾದರೆ ನನ್ನ ಹತ್ತಿರ ಬನ್ನಿ, ಕಾಡಿಗೆ ಆಗುವವರೆಗೆ ಕಾಯಬೇಡಿ. ಜಾರಿದರೆ ಅಲ್ಲೇ ನಿಲ್ಲಿಸಿ, ಎರಡು ಗಂಟೆ ಎಳೆದುಕೊಂಡು ಬರಬೇಡಿ. ಸಂಬಂಧಿ ಶಾಲೆಯ ಹುಡುಗನ ಹಾಗೆ ತಲೆ ಆಡಿಸಿ, ಆ ಮೂರು ಎಣಿಸುವುದು ಜೋರಾಗಿಯೇ ಬೇಕಾ ಎಂದು ಕೇಳಿದರು. ಜೋರಾಗಿಯೇ ಅಂದೆ. ಮನಸ್ಸಿನಲ್ಲಿ ಎಣಿಸುವವರು ಎರಡಕ್ಕೇ ಬಿಟ್ಟುಬಿಡುತ್ತಾರೆ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಹೊಸ ಹೊದಿಕೆಯ ಮೇಲೆ ಸುಗನ್ಯಾ, ಅವಳ ಮಡಿಲಲ್ಲಿ ನಮ್ಮ ರಾಣಿ, ಪಕ್ಕದಲ್ಲಿ ನಾನು, ಪ್ರಭು. ಮುಂದಿನ ಸೀಟಿನಲ್ಲಿ ವೀರಮ್ಮ ಆರತಿ ತಟ್ಟೆ ಹಿಡಿದು. ಸ್ಟೀರಿಂಗಿನಲ್ಲಿ ತಾತ, ರೇಷ್ಮೆ ಪಂಚೆ. ಶೆಡ್ಡಿನಿಂದ ರಸ್ತೆಗೆ ಇಳಿಯಲು ಮೊದಲು ಹಿಂದಕ್ಕೆ ಹೋಗಬೇಕು. ಬ್ರೇಕ್ ತುಳಿದರು. "ಒಂದು," ಅಂದರು. "ಎರಡು." ನನಗೆ ತಿಳಿಯದೆಯೇ ನಾನೂ ಅಂದೆ. "ಮೂರು." ವಂಡಿ ಬೆಣ್ಣೆಯ ಹಾಗೆ ಹಿಂದಕ್ಕೆ ಜರುಗಿತು. ನಿಂತಿತು. ಮತ್ತೆ ಎಣಿಕೆ, ಈ ಸಲ ಎಲ್ಲರೂ ಸೇರಿ. ಮುಂದಕ್ಕೆ ಹೊರಟಿತು. ಒದೆತವಿಲ್ಲ, ಯೋಚನೆಯಿಲ್ಲ. ಉತ್ತಮಪಾಳೆಯ ದಾಟುವ ಹೊತ್ತಿಗೆ ಪ್ರಭು ಬಾಯಿ ತೆರೆದು ನಿದ್ದೆ ಹೋಗಿದ್ದ. ಅಪ್ಪ ಓಡಿಸುವ ವಂಡಿಯಲ್ಲಿ ಅವನು ನಿದ್ದೆ ಮಾಡಿದ್ದು ಅದೇ ಮೊದಲು ಎಂದು ವೀರಮ್ಮ ಹಿಂದಕ್ಕೆ ತಿರುಗಿ ನನ್ನ ಕಿವಿಯಲ್ಲಿ ಹೇಳಿದರು.

ಆಮೇಲಿನ ಸುಗ್ಗಿಗಳಲ್ಲಿ ಹುರುಳಿಗೆ ಟ್ರ್ಯಾಕ್ಟರ್ ಬರುತ್ತಿದೆ. ಪ್ರಭು ಎರಡು ಕಲ್ಲುಕಂಬ ಕಿತ್ತು ಕಣವನ್ನು ದುಂಡಗೆ ಮಾಡಿಸಿದ. ಅವನು ಓಡಿಸುತ್ತಾನೆ, ಸಂಬಂಧಿ ಪಕ್ಕದಲ್ಲಿ ಕೂತು 'ಹೋ' ಎನ್ನುತ್ತಾರೆ. ಅವರು 'ಹೋ' ಎನ್ನದೆ ತಿರುಗಿಸುವ ಹಾಗಿಲ್ಲ. ನೀರಿನ ಚೆಂಬು ಈಗ ಎತ್ತಿನ ಪಾಲಿಗೆ ಬಂದಿದೆ. ಪ್ಯಾಕೆಟ್ಟಿನಿಂದ ಅದರ ಪಟವನ್ನೂ ತೆಗೆಸಿದ್ದಾರೆ.

ಈ ಪ್ರಕರಣದ ನಂತರ ನಾನು ಗಿರಾಕಿಗೆ ಕೇಳುವ ಮೊದಲ ಪ್ರಶ್ನೆ ಬದಲಾಯಿತು. ಮೊದಲು, ವಂಡಿಗೆ ಏನಾಯಿತು ಎಂದು ಕೇಳುತ್ತಿದ್ದೆ. ಈಗ, ನಿಮ್ಮ ಮನೆಯಲ್ಲಿ ವಂಡಿ ಏನೇನು ಕೆಲಸ ಮಾಡುತ್ತದೆ ಎಂದು ಕೇಳುತ್ತೇನೆ. ಬೈಯುವುದಿಲ್ಲ ಎಂದು ಮೊದಲೇ ಹೇಳಿ ಕೇಳುತ್ತೇನೆ. ಆಗ ನಿಜ ಹೊರಬರುತ್ತದೆ, ವಂಡಿಯ ಆಯುಸ್ಸೂ ಉಳಿಯುತ್ತದೆ.

ಮೊಮ್ಮಗಳಿಗೆ ಈಗ ಎರಡು ದಾಟಿದೆ. ತಾತನ ಜೊತೆ ಆ ವಂಡಿಯಲ್ಲಿ ಊರೆಲ್ಲ ಸುತ್ತುತ್ತಾಳೆ. ಹೋದ ವಾರ ನನ್ನ ಅಂಗಳದಲ್ಲಿ ಓಡಿಕೊಂಡು ಬಂದವಳು ಗೋಡೆಯ ಹತ್ತಿರ ಗಕ್ಕನೆ ನಿಂತಳು. ಬೆರಳು ಮಡಚಿ, ಪುಟ್ಟ ಬಾಯಲ್ಲಿ ಗಟ್ಟಿಯಾಗಿ, "ಒಂದು, ಎಲಡು, ಮೂಲು" ಎಂದು ಎಣಿಸಿದಳು. ಆಮೇಲೆ ಹಿಂದುಹಿಂದಕ್ಕೆ ನಡೆದು ಬಂದು ನನ್ನ ಮಡಿಲಲ್ಲಿ ಕೂತಳು.